ರಾಜನಿಗೆ ಬಿಟ್ಟುಕೊಟ್ಟ ಜಾಗ

ಥಾಯ್ಲೆಂಡಿನ ರಾಜ ತೀರಿಕೊಂಡ ಸುದ್ದಿ ನಮ್ಮ ಫ್ಲ್ಯಾಟಿಗೆ ಬಂದಾಗ ನಾನು ಅಡುಗೆಮನೆಯಲ್ಲಿ ಬಂಗುಡೆ ತೊಳೆಯುತ್ತಿದ್ದೆ. 2016ರ ಅಕ್ಟೋಬರ್, ಗುರುವಾರ ಸಂಜೆ. ಹಾಲಿನಿಂದ ಒಂದು ಕೂಗು ಕೇಳಿಸಿತು. ಓಡಿಹೋಗಿ ನೋಡಿದರೆ ನನ್ನ ಜೊತೆಯವಳು ನೆಲದ ಮೇಲೆ ಮಂಡಿಯೂರಿ ಕೂತು, ಮೊಬೈಲನ್ನು ಎದೆಗೆ ಒತ್ತಿಕೊಂಡು ಅಳುತ್ತಿದ್ದಳು.

ಡಿಸ್ಕವರಿ ಗಾರ್ಡನ್ಸಿನ ಆ ಫ್ಲ್ಯಾಟಿನಲ್ಲಿ ನಾವಿಬ್ಬರೇ ಇದ್ದೆವು. ನಾನು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್. ಅವಳು ಹೋಟೆಲೊಂದರ ಸ್ಪಾದಲ್ಲಿ ಕೆಲಸಕ್ಕಿದ್ದ ಥಾಯ್ ಹೆಣ್ಣು, ನನಗಿಂತ ಚಿಕ್ಕವಳು. ಕ್ಲಿನಿಕ್ಕಿನ ಹುಡುಗಿಯರು ಫೋನಿನಲ್ಲಿ ನನ್ನನ್ನು ಅಕ್ಕ ಎನ್ನುವುದನ್ನು ಕೇಳಿಸಿಕೊಂಡು ಅವಳೂ ಹಾಗೆಯೇ ಕರೆಯಲು ಶುರು ಮಾಡಿದ್ದಳು. ಉಳಿದ ಮಾತೆಲ್ಲ ನಮ್ಮಿಬ್ಬರ ಹರಕು ಇಂಗ್ಲಿಷಿನಲ್ಲಿ. ಕೆಲಸದಿಂದ ಯಾರು ಮೊದಲು ಬರುತ್ತಾರೋ ಅವರು ಅನ್ನಕ್ಕಿಡುವುದು, ಇನ್ನೊಬ್ಬರು ಬರುವ ತನಕ ಉಣ್ಣದೆ ಕಾಯುವುದು. ಅಷ್ಟು ಸಲಿಗೆ ನನಗೆ ದುಬೈಯಲ್ಲಿ ಬೇರೆ ಯಾರೊಂದಿಗೂ ಇರಲಿಲ್ಲ.

ಆ ಸಂಜೆ ನಾನು ಕೈ ತೊಳೆದುಕೊಂಡು ಅವಳ ಪಕ್ಕ ಕೂತೆ. ಬೆನ್ನು ಸವರಿದೆ. ನೀರು ಕೊಟ್ಟೆ. ಅವಳು ಕುಡಿಯಲಿಲ್ಲ. ಸ್ವಲ್ಪ ಹೊತ್ತಿಗೆ ಬೆಲ್ ಆಯಿತು. ಬಾಗಿಲು ತೆರೆದರೆ ಕಪ್ಪು ಬಟ್ಟೆಯ ನಾಲ್ಕೈದು ಥಾಯ್ ಹೆಂಗಸರು. ಮುಂದೆ ನಿಂತಿದ್ದವಳು ಕರಾಮದಲ್ಲಿ ಸಲೂನ್ ನಡೆಸುತ್ತಿದ್ದ, ಐವತ್ತು ದಾಟಿದ ದಪ್ಪ ಹೆಂಗಸು. ನನ್ನ ಜೊತೆಯವಳು ಎದ್ದು ಹೋಗಿ, 'ಪೀ...' ಎಂದು ಅವಳ ಕೊರಳಿಗೆ ಬಿದ್ದಳು. ನಾನು ಸವರಿದಷ್ಟು ಹೊತ್ತೂ ಬಿಗಿದುಕೊಂಡಿದ್ದ ಬೆನ್ನು ಅಲ್ಲಿ ಸಡಿಲವಾದದ್ದು ನನಗೆ ಕಾಣಿಸಿತು.

ಅವರ ಭಾಷೆಯಲ್ಲಿ ಪೀ ಅಂದರೆ ಅಕ್ಕ. ತುಳು ಬಲ್ಲ ಕಿವಿಗೆ ಅದು ಹೇಲು ಎಂದು ಕೇಳಿಸುತ್ತದೆ. ಮರುದಿನ ಸಂಜೆ ಡ್ಯೂಟಿಯಲ್ಲಿ, ಬಿಲ್ಲಿಂಗ್ ನೋಡುವ ಭಟ್ಕಳದ ನವಾಯತಿ ಹುಡುಗಿಗೆ ಅದನ್ನು ಹೇಳಿ ನಗಿಸಿದೆ. ನಕ್ಕು ಮುಗಿದ ಮೇಲೆ ಅವಳು ನನ್ನ ಮುಖ ನೋಡಿ ಕೇಳಿದಳು.

"ಅಲ್ಲ ಅಕ್ಕ, ಅವಳ ರಾಜ ಹೋಗಿದ್ದಕ್ಕೆ ಅವಳು ಅಳ್ತಾಳೆ. ನಿಮ್ಗೆ ಎಂತ ಸಂಕಟ ಮಾರಾಯ್ರೆ?"

"ನಂಗೆ ಎಂತ ಸಂಕಟ? ಎಂತದೂ ಇಲ್ಲ" ಎಂದೆ.

ಇತ್ತು. ಅದರ ಹಿಂದಿನ ವರ್ಷ ಊರಿನಲ್ಲಿ ನನ್ನ ಅಪ್ಪ ತೀರಿಕೊಂಡಿದ್ದರು. ಮೂಡುಬಿದಿರೆ ಕಡೆ ಓಡುವ ಬಸ್ಸಿನಲ್ಲಿ ಜೀವಮಾನವೆಲ್ಲ ಕಂಡಕ್ಟರ್ ಆಗಿದ್ದವರು. ನನ್ನ ಪಾಸ್‌ಪೋರ್ಟ್ ಆಗ ವೀಸಾ ರಿನ್ಯೂವಲ್‌ಗೆ ಹೋಗಿತ್ತು. ಅದು ಕೈಗೆ ಸಿಗುವಷ್ಟರಲ್ಲಿ ಮಣ್ಣು ಮುಗಿದಿತ್ತು. ಜೆಬೆಲ್ ಅಲಿಯ ಇಗರ್ಜಿಯಲ್ಲಿ ಪೂಜೆಗೆ ಹೆಸರು ಕೊಟ್ಟೆ. ಪಾದ್ರಿಗಳು ಒಂದು ದೊಡ್ಡ ಪಟ್ಟಿಯ ನಡುವೆ ಅಪ್ಪನ ಹೆಸರನ್ನು ತಪ್ಪಾಗಿ ಓದಿ ಮುಂದೆ ಹೋದರು. ಸುತ್ತ ಇದ್ದ ನೂರಾರು ಜನರಲ್ಲಿ ಆ ಹೆಸರಿನ ಮನುಷ್ಯನನ್ನು ಕಂಡವರು ಯಾರೂ ಇರಲಿಲ್ಲ. ಮನೆಗೆ ಬಂದಾಗ ನನ್ನ ಜೊತೆಯವಳು ಗಂಜಿ ಮಾಡಿಟ್ಟಿದ್ದಳು. ಅಪ್ಪನಿಗಾಗಿ ದುಬೈಯಲ್ಲಿ ನಡೆದದ್ದು ಅಷ್ಟೆ.

ಇವಳ ರಾಜನೂ ಸತ್ತದ್ದು ದೂರದಲ್ಲೇ. ಇವಳು ಅವನನ್ನು ಕಣ್ಣಾರೆ ಕಂಡವಳೂ ಅಲ್ಲ. ಆದರೂ ಅವನ ಸಾವು ವಿಮಾನ ಹತ್ತಿ ನಮ್ಮ ಹಾಲಿಗೇ ಬಂದಂತಿತ್ತು. ಸಂಜೆಯಾದರೆ ಮೆಟ್ಟಿಲ ಬಳಿ ಚಪ್ಪಲಿಗಳ ರಾಶಿ. ಫೇಸ್‌ಬುಕ್ಕಿನಲ್ಲಿ ಅವರೆಲ್ಲರ ಮುಖಗಳೂ ಕಪ್ಪು ಚೌಕಗಳಾಗಿದ್ದವು. ಕಪ್ಪು ಬಟ್ಟೆ ಇಲ್ಲದವರು ನಮ್ಮ ಬಚ್ಚಲಿನ ಟಬ್ಬಿನಲ್ಲಿ ಬಣ್ಣ ಕಲಸಿ ಅಂಗಿಗಳನ್ನು ಅದ್ದಿದರು. ಟಬ್ಬಿನ ಅಂಚಿನ ಕಲೆ ಉಜ್ಜಿದರೂ ಹೋಗಲಿಲ್ಲ. ಸ್ಪಾದಲ್ಲಿ ಯೂನಿಫಾರ್ಮಿನ ಮೇಲೆ ಕಪ್ಪು ರಿಬ್ಬನ್ ಹಾಕಿಕೊಳ್ಳಲು ಮ್ಯಾನೇಜರು ಒಪ್ಪಿದರಂತೆ. ಅಪ್ಪ ಸತ್ತ ಮೂರನೇ ದಿನ ನಾನು ಲಿಪ್‌ಸ್ಟಿಕ್ ಹಚ್ಚಿಕೊಂಡು ಕೌಂಟರಿನಲ್ಲಿ ಕೂತಿದ್ದೆ.

ಭಾನುವಾರ ಕ್ಲಿನಿಕ್ಕಿನಿಂದ ಬಂದಾಗ ಹಾಲಿನ ಗೋಡೆಯ ಮೇಲಿನ ಶೆಲ್ಫಿನಲ್ಲಿ ರಾಜನ ದೊಡ್ಡ ಫೋಟೊ ಇತ್ತು. ಬಿಳಿ ಹೂವು, ದೀಪ. ಒಂದು ವರ್ಷದಿಂದ ಅಲ್ಲಿದ್ದ ನನ್ನ ಅಪ್ಪನ ಫೋಟೊ ಕೆಳಗೆ, ಟಿವಿಯ ಪಕ್ಕದಲ್ಲಿ, ರಿಮೋಟಿನ ಹತ್ತಿರ.

"ಇದನ್ನು ಯಾರು ತೆಗೆದದ್ದು?" ಎಂದು ಕೇಳಿದೆ.

ಸಲೂನಿನವಳು ನಿಧಾನವಾಗಿ, ಚಿಕ್ಕ ಮಗುವಿಗೆ ತಿಳಿಹೇಳುವವಳಂತೆ ಹೇಳಿದಳು. "ನಾನೇ. ಬಟ್ಟೆಯಲ್ಲಿ ಒರೆಸಿಯೇ ಇಟ್ಟಿದ್ದೇನೆ. ರಾಜನಿಗಿಂತ ಮೇಲೆ ಯಾರೂ ಇರಬಾರದು, ಸಮಕ್ಕೂ ಇರಬಾರದು."

"ಅವರು ನನ್ನ ಅಪ್ಪ."

"ಗೊತ್ತು. ನಮಗೆಲ್ಲ ಇವರು ಅಪ್ಪ."

ನಾನು ನನ್ನ ಜೊತೆಯವಳ ಕಡೆ ನೋಡಿದೆ. ಅವಳು ನನ್ನನ್ನೊಮ್ಮೆ, ಸಲೂನಿನವಳನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು. ಅವಳು ಒಂದು ಮಾತು ಆಡಿದ್ದರೆ ಸಾಕಿತ್ತು. ನಾನು ಅಪ್ಪನ ಫೋಟೊ ಎತ್ತಿಕೊಂಡು ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಗೋಡೆಯಾಚೆ ಅವರು ಒಟ್ಟಾಗಿ ಪ್ರಾರ್ಥನೆ ಹೇಳುತ್ತಿದ್ದರು. ಹತ್ತಾರು ದನಿಗಳ ನಡುವೆ ಅವಳ ತೆಳ್ಳಗಿನ ದನಿ ನನಗೆ ಬೇರೆಯಾಗಿ ಕೇಳಿಸುತ್ತಿತ್ತು. ಕಿವಿ ಮುಚ್ಚಿಕೊಂಡರೂ ಕೇಳಿಸುತ್ತಿತ್ತು.

ಶುಕ್ರವಾರ ಅವಳು ಬಾಗಿಲು ತಟ್ಟಿದಳು. "ಅಕ್ಕ, ಇವತ್ತು ದೇರಾದ ರೆಸ್ಟೋರೆಂಟಿನಲ್ಲಿ ಎಲ್ಲರೂ ಸೇರುತ್ತೇವೆ. ನೀನು ಬಾ."

ಹೋಗಬಾರದು ಎಂದುಕೊಂಡೆ. ಆದರೆ ನಾನಿಲ್ಲದೆ ಅವಳು ಅಲ್ಲಿ ಹೇಗಿರುತ್ತಾಳೆಂದು ಮನೆಯಲ್ಲಿ ಕೂತು ಊಹಿಸುವುದಕ್ಕಿಂತ ಕಣ್ಣಾರೆ ನೋಡುವುದೇ ಲೇಸು ಅನ್ನಿಸಿತು. ಕಪ್ಪು ಚೂಡಿದಾರ ಹಾಕಿಕೊಂಡು ಹೊರಟೆ.

ರೆಸ್ಟೋರೆಂಟಿನ ಮೇಜುಗಳನ್ನೆಲ್ಲ ಗೋಡೆಗೆ ಒತ್ತಿದ್ದರು. ಅಡುಗೆಯವರು, ಮಸಾಜಿನ ಹೆಂಗಸರು, ಒಂದಿಬ್ಬರು ಆಫೀಸಿನವರು, ಎಲ್ಲರೂ ಕಪ್ಪಿನಲ್ಲಿ ನೆಲದ ಮೇಲೆ ಕೂತಿದ್ದರು. ಸಾಲಾಗಿ ಹೋಗಿ ಫೋಟೊದ ಮುಂದೆ ಹಣೆ ನೆಲಕ್ಕೆ ಮುಟ್ಟಿಸಿ ಬರುತ್ತಿದ್ದರು. ಆಮೇಲೆ ಎದ್ದು ನಿಂತು ರಾಜನ ಗೀತೆ ಹಾಡಿದರು. ಅರ್ಧಕ್ಕೆ ಬರುವಷ್ಟರಲ್ಲಿ ಹಾಡು ಒಡೆದು ಬರೀ ಅಳುವಾಯಿತು. ಗಂಡಸರೂ ಮುಖ ಮುಚ್ಚಿಕೊಂಡು ಅತ್ತರು. ನಾಚಿಕೆಯಿಲ್ಲ, ಅವಸರವಿಲ್ಲ. ಯಾರಿಗಾಗಿ, ಯಾಕೆ ಅಳುತ್ತೀಯ ಎಂದು ಯಾರೂ ಕೇಳಬೇಕಾಗಿರಲಿಲ್ಲ.

ನನಗೂ ಅಳು ಬರುತ್ತದೆ, ಈ ಗುಂಪಿನ ಮರೆಯಲ್ಲಿ ಅಪ್ಪನಿಗಾಗಿ ಅತ್ತುಬಿಡಬಹುದು ಎಂದುಕೊಂಡಿದ್ದೆ. ಬರಲಿಲ್ಲ. ಪಕ್ಕದ ಯಾರೋ ಟಿಶ್ಯೂ ಕೊಟ್ಟರು. ಅದನ್ನು ಹಿಡಿದುಕೊಂಡು ನಿಂತೆ. ಎದುರಿಗೆ ನನ್ನ ಜೊತೆಯವಳು ಸಲೂನಿನವಳ ಭುಜಕ್ಕೆ ಹಣೆ ಹಚ್ಚಿ ಅಳುತ್ತಿದ್ದಳು. ಆ ಭುಜವನ್ನೇ ನೋಡುತ್ತ ನಾನು ಒಣ ಟಿಶ್ಯೂವನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ಮೆಟ್ರೋದಲ್ಲಿ ಹಿಂದೆ ಬರುವಾಗ ನಾವಿಬ್ಬರೇ. ಅವಳು ಕೇಳಿದಳು, "ನಿನ್ನ ಅಪ್ಪ ಹೋದಾಗ ಊರಿನಲ್ಲಿ ಏನು ಮಾಡಿದರು?"

ಒಂದು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಅಮ್ಮ ಫೋನಿನಲ್ಲಿ ಹೇಳಿದ್ದನ್ನು ಹೇಳತೊಡಗಿದೆ. ಅಪ್ಪನ ಬಸ್ಸು ಆ ದಿನ ಇಗರ್ಜಿಯ ಮುಂದೆ ನಿಂತದ್ದು, ಪ್ರಯಾಣಿಕರೆಲ್ಲ ಇಳಿದು ಒಳಗೆ ಬಂದದ್ದು, ಡ್ರೈವರ್ ಪೆಟ್ಟಿಗೆಗೆ ಹೆಗಲು ಕೊಟ್ಟದ್ದು. ಹೇಳುತ್ತಾ ಹೋದಂತೆ ನನ್ನ ದನಿ ಹಗುರಾಯಿತು. ಅವಳ ತಲೆ ನನ್ನ ಭುಜಕ್ಕೆ ಒರಗಿತು. ನೋಡಿದರೆ ನಿದ್ದೆ ಹೋಗಿದ್ದಳು. ಎಷ್ಟು ಕೇಳಿಸಿಕೊಂಡಳೋ ಗೊತ್ತಿಲ್ಲ. ನಮ್ಮ ಸ್ಟೇಷನ್ ಬರುವ ತನಕ ನಾನು ಅಲ್ಲಾಡದೆ ಕೂತೆ.

ತಿಂಗಳ ಕೊನೆಯಲ್ಲಿ ಅವಳು ಕರಾಮಕ್ಕೆ, ಸಲೂನಿನವಳ ಫ್ಲ್ಯಾಟಿಗೆ ಹೋದಳು. "ಪ್ರಾರ್ಥನೆಗೆ ಹತ್ತಿರ, ಅಕ್ಕ. ವರ್ಷ ಪೂರ್ತಿ ಶೋಕ" ಎಂದಳು. ಇರು ಎಂದು ನಾನು ಹೇಳಲಿಲ್ಲ. ಹೇಳಿದರೂ ಇರುತ್ತಿರಲಿಲ್ಲ ಎಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ವರ್ಷ ಕಳೆದ ಮೇಲೆ ಒಂದು ದಿನ ಅವಳು ಕ್ಲಿನಿಕ್ಕಿಗೆ ಬಂದಳು. ಮೈಮೇಲೆ ಹಳದಿ ಅಂಗಿ, ಜೊತೆಗೆ ಕೆನ್ನೆ ಊದಿದ ಸಲೂನಿನವಳು. "ಹಲ್ಲು ನೋವೆಂದರೆ ನಿನ್ನ ನೆನಪೇ ಬಂತು" ಎಂದಳು. ವರ್ಷ ಕಾದು ಆಗಷ್ಟೇ ನಡೆಸಿದ ರಾಜನ ಅಂತ್ಯಕ್ರಿಯೆಯನ್ನು ಎಲ್ಲರೂ ಒಟ್ಟಿಗೆ ಕೂತು ಫೋನಿನಲ್ಲಿ ನೋಡಿದರಂತೆ. ಸೂಜಿಗೆ ಹೆದರಿದ ಸಲೂನಿನವಳ ಕೈಯನ್ನು ಅವಳು ತನ್ನ ಮಡಿಲಲ್ಲಿ ಹಿಡಿದುಕೊಂಡೇ ಮಾತಾಡುತ್ತಿದ್ದಳು. ಅವರ ಸರದಿ ಬಂದಾಗ ನಾನೇ ಬಾಗಿಲು ತೆರೆದೆ. ಒಬ್ಬರೇ ಬರಬಹುದು ಎಂದು ಹೇಳಬಹುದಿತ್ತು, ಇಬ್ಬರನ್ನೂ ಒಳಗೆ ಬಿಟ್ಟೆ.

ಹೊರಡುವಾಗ ಅವಳು ಕೌಂಟರಿಗೆ ಒರಗಿ ಕೇಳಿದಳು. "ಅಕ್ಕ, ಈ ಶುಕ್ರವಾರ ನಮ್ಮಲ್ಲಿಗೆ ಊಟಕ್ಕೆ ಬರುತ್ತೀಯಾ? ಪೀ ಅಡುಗೆ ಮಾಡುತ್ತಾಳೆ."

"ಡ್ಯೂಟಿ ಇದೆ" ಎಂದೆ.

ಆ ಶುಕ್ರವಾರ ನನಗೆ ರಜೆ ಇತ್ತು.