ಒತ್ತಿದರೆ ಇಳಿಯುವ ಗೇರು

ನನ್ನ ಎಡಗಾಲಿನ ಮೇಲೆ ಬಂದಷ್ಟು ಸಿಟ್ಟು ನನಗೆ ಇನ್ಯಾರ ಮೇಲೂ ಬಂದಿಲ್ಲ. ಹೇಳಿದ ಮಾತು ಕೇಳದ ಕಾಲನ್ನು ಇಟ್ಟುಕೊಂಡು ಏನು ಉಪ್ಪಿನಕಾಯಿ ಹಾಕುವುದೇ?

ಶಿರಂಗಾಲದ ನಮ್ಮ ಮನೆಯಲ್ಲಿರುವುದು ಅಪ್ಪನ ಹಳೇ ಬೈಕು. ಕಾಲೇಜು ಸೇರಿದಾಗಿನಿಂದ ಅದರಲ್ಲಿ ಡೈರಿಗೆ ಹಾಲು ಹಾಕುವವಳು ನಾನೇ, ಹೊಲಕ್ಕೆ ಗೊಬ್ಬರದ ಚೀಲ ಸಾಗಿಸುವವಳೂ ನಾನೇ. ಅದರ ಗೇರುಗಳೆಲ್ಲ ಮುಂದಿನ ಪಟ್ಟಿ ಒತ್ತಿ ಹಾಕುವಂಥವು. ಒತ್ತಿದರೆ ಒಂದು, ಮತ್ತೆ ಒತ್ತಿದರೆ ಎರಡು, ಹಾಗೇ ಮೂರು, ನಾಲ್ಕು. ಇಳಿಸಬೇಕೆಂದರೆ ಹಿಮ್ಮಡಿಯಿಂದ ಹಿಂದಿನ ಪಟ್ಟಿ ತುಳಿಯಬೇಕು. ಭಾವನ ಡರ್ಟ್ ಬೈಕಿನಲ್ಲಿ, ಅಂದರೆ ಮಣ್ಣಿನ ರೇಸಿನ ಗಾಡಿಯಲ್ಲಿ, ಎಲ್ಲ ತಿರುಗಾಮುರುಗ. ಒತ್ತಿದರೆ ಗೇರು ಇಳಿಯುತ್ತದೆ. ಏರಿಸಲು ಬೂಟಿನ ತುದಿಯನ್ನು ಲಿವರಿನ ಕೆಳಗೆ ತೂರಿಸಿ ಮೇಲಕ್ಕೆ ಎತ್ತಬೇಕು. ಹೇಳುವುದಕ್ಕೇನು, ಸುಲಭ.

ಭಾವ ಅಂದರೆ ನನ್ನ ಅಕ್ಕನ ಗಂಡ. ಸುಂಟಿಕೊಪ್ಪದಲ್ಲಿ ಗ್ಯಾರೇಜ್ ಇಟ್ಟಿದ್ದಾರೆ. ನಮ್ಮ ಕಡೆ ಭತ್ತದ ಕೊಯ್ಲು ಮುಗಿದರೆ ಖಾಲಿ ಗದ್ದೆಗಳಲ್ಲಿ ಬೈಕು, ಜೀಪುಗಳ ರೇಸು ಶುರು. ಆ ಸಲ ಬಿಟ್ಟಂಗಾಲದ ಗದ್ದೆಯಲ್ಲಿ ಹೆಂಗಸರಿಗೂ ಒಂದು ರೇಸು ಇಡುತ್ತಾರೆ ಅಂತ ಗೊತ್ತಾಗಿದ್ದೇ ತಡ, ನಾನು ಬಸ್ಸು ಹತ್ತಿ ಅಕ್ಕನ ಮನೆಯಲ್ಲಿ ಹಾಜರು.

ಭಾವ ತಲೆ ಕೆರೆದುಕೊಂಡರು. "ಗಾಡಿ ಕೊಡ್ತೀನಮ್ಮ. ಆದ್ರೆ ಶನಿವಾರದೊಳಗೆ ಮನೆ ಹಿಂದಿನ ಗದ್ದೇಲಿರೋ ದಿಬ್ಬ ನೀಟಾಗಿ ಹಾರಿ ತೋರಿಸ್ಬೇಕು. ಇಲ್ಲಾಂದ್ರೆ ಬೇರೆಯವ್ರಿಗೆ ಕೊಡ್ತೀನಿ. ನಿಂಗೇನಾದ್ರೂ ಆದ್ರೆ ನಿಮ್ಮಪ್ಪ ನನ್ನ ಸುಮ್ನೆ ಬಿಡ್ತಾರಾ?"

ಅವರು ಹೇಳಿದ ದಿಬ್ಬ ಅಂದರೆ ಜೆಸಿಬಿ ತರಿಸಿ ಒಟ್ಟಿದ ಮಣ್ಣು. ಈ ಕಡೆ ಏರು, ನೆತ್ತಿ ಮೇಲೆ ಚಪ್ಪಟೆ, ಆ ಕಡೆ ಇಳಿಜಾರು. ಚಪ್ಪಟೆಯನ್ನು ಗಾಳಿಯಲ್ಲೇ ದಾಟಿ ಇಳಿಜಾರಿನ ಮೇಲೆ ಇಳಿದರೆ ಬೆಣ್ಣೆ. ನಡುವೆ ಇಳಿದರೆ ಸೊಂಟದ ಕೀಲೆಲ್ಲ ಸಡಿಲ. ಎರಡನೇ ಗೇರಿನ ವೇಗ ಅದಕ್ಕೆ ಸಾಲದು. ಏರು ಸಿಗುವ ಮೊದಲೇ ಮೂರಕ್ಕೆ ಹಾಕಿ, ಫುಟ್‌ರೆಸ್ಟಿನ ಮೇಲೆ ನಿಂತು, ಮೊಣಕಾಲಲ್ಲಿ ಟ್ಯಾಂಕನ್ನು ಅವುಚಿ, ಎಕ್ಸಿಲರೇಟರ್ ಬಿಡದೆ ಹಾರಬೇಕು. ಮೇಲೆ ಹೋದಾಗ ಗಾಡಿಯ ಮೂತಿ ಕುಸಿದರೆ ಇನ್ನಷ್ಟು ಎಕ್ಸಿಲರೇಟರ್ ಕೊಡಬೇಕು, ತೀರಾ ಎದ್ದರೆ ಹಿಂದಿನ ಬ್ರೇಕನ್ನು ಮೆಲ್ಲಗೆ ಮುಟ್ಟಬೇಕು. ಇದೆಲ್ಲ ನನಗೆ ಬಾಯಿಪಾಠ. ಭಾವ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ.

ಆದರೆ ಏರು ಹತ್ತಿರ ಬಂದ ಕೂಡಲೇ ನನ್ನ ಕಾಲು ಶಿರಂಗಾಲದ ಡೈರಿ ರಸ್ತೆಗೆ ಹೋಗಿಬಿಡುತ್ತಿತ್ತು. ಒತ್ತಿಯೇ ಒತ್ತುತ್ತಿತ್ತು! ಎರಡರಿಂದ ಮೂರಕ್ಕೆ ಹೋಗಬೇಕಾದ ಗಾಡಿ ಒಂದಕ್ಕೆ ಬಿದ್ದು ಕಿರುಚಿಕೊಳ್ಳುತ್ತಿತ್ತು, ಹಿಂದಿನ ಚಕ್ರ ಹಿಡಿದುಕೊಂಡು ಮುಗ್ಗರಿಸುತ್ತಿತ್ತು, ನಾನು ಹ್ಯಾಂಡಲಿನ ಮೇಲಿಂದ ಮಣ್ಣಿಗೆ. ಹೆಲ್ಮೆಟ್ಟಿನೊಳಗೆ ಬಾಯಿ ತುಂಬ ಧೂಳು.

"ಎತ್ತಮ್ಮಾ, ಕಾಲು ಎತ್ತು! ಎಷ್ಟು ಸಲ ಬಡ್ಕೊಳ್ಳೋದು ನಾನು?"

"ಎತ್ತಬೇಕು ಅಂತಾನೇ ಹೋಗ್ತೀನಿ ಭಾವ! ಅದೇ ಕೇಳಲ್ಲ!"

"ಕಾಲು ನಿಂದಾ ಪಕ್ಕದ ಮನೆಯವ್ರದಾ?"

ಅಳು ಬರುತ್ತಿತ್ತು. ಅದಕ್ಕಿಂತ ಹೊಟ್ಟೆ ಉರಿಯುತ್ತಿದ್ದದ್ದು ವಿರಾಜಪೇಟೆಯ ಒಬ್ಬ ಹುಡುಗಿಯನ್ನು ನೋಡಿ. ಅವಳೂ ಭಾವನ ಬಳಿ ಕಲಿಯಲು ಬರುತ್ತಿದ್ದಳು. ಹುಟ್ಟಿದಾಗಿನಿಂದ ಓಡಿಸಿದ್ದು ಗೇರಿಲ್ಲದ ಸ್ಕೂಟರು. ಏನೂ ಗೊತ್ತಿಲ್ಲದ ಕಾಲು, ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಿತ್ತು. ಮೊದಲ ದಿನವೇ ಗೇರು ಏರಿಸಿದಳು, ಇಳಿಸಿದಳು. ದಿಬ್ಬ ಮಾತ್ರ ಹೆದರಿ ಹೆದರಿ ಹತ್ತಿ ಇಳಿಯುತ್ತಿದ್ದಳು. ಇಷ್ಟು ವರ್ಷ ಗುಂಡಿ ರಸ್ತೆಯಲ್ಲಿ ಕ್ಯಾನು ತುಳುಕದ ಹಾಗೆ ಬೈಕು ಓಡಿಸಿದವಳು ನಾನು. ಮಣ್ಣು ತಿನ್ನುತ್ತಿದ್ದವಳೂ ನಾನು. ಇದ್ಯಾವ ನ್ಯಾಯ?

ಹಟ ಹಿಡಿದೆ. ದಿನಾ ಬಸ್ಸಿನಲ್ಲಿ ಸುಂಟಿಕೊಪ್ಪಕ್ಕೆ ಹೋಗಿ ರಾತ್ರಿ ಶಿರಂಗಾಲಕ್ಕೆ ವಾಪಸಾಗುತ್ತಿದ್ದೆ. ಅಪ್ಪನ ಬೈಕು ಮುಟ್ಟುವುದನ್ನೇ ಬಿಟ್ಟೆ. ಊಟಕ್ಕೆ ಕೂತಾಗ, ಹಾಲು ಕರೆಯುವಾಗ ಎಡಪಾದದ ತುದಿ ಎತ್ತುವುದೇ ಎತ್ತುವುದು. ಅಪ್ಪ ನೋಡಿ ನೋಡಿ, "ಯಾಕವ್ವ, ಕಾಲು ಜೋಮು ಹಿಡ್ದದಾ?" ಅಂದರು. ವಿಷಯ ತಿಳಿದ ಮೇಲೆ ತಾವೇ ಕ್ಯಾನು ಕಟ್ಟಿಕೊಂಡು ಡೈರಿಗೆ ಹೊರಡುತ್ತಾ, "ಮನೇಲಿರೋ ಗಾಡಿ ಬುಟ್ಬುಟ್ಟು ಇಲ್ದಿರೋ ಗಾಡಿಗೆ ಕಾಲು ಎತ್ತಾವ್ಳೆ," ಅಂತ ಹಸುವಿಗೆ ಹೇಳಿ ಹೋಗುತ್ತಿದ್ದರು.

ಶನಿವಾರ ಸಂಜೆ ಭಾವ ಗ್ಯಾರೇಜಿನಿಂದ ಬರುವುದು ತಡವಾಯಿತು. ಅವರು ಬದುವಿನ ಮೇಲೆ ಬಂದು ನಿಂತದ್ದನ್ನು ನೋಡಿ ನಾನು ಹೊರಟೆ. ಏರು ಬಂತು. ಕಾಲು ತಾನಾಗಿ ಲಿವರಿನ ಕೆಳಗೆ ಹೋಯಿತು, ಎತ್ತಿತು, ಗೇರು ಮೂರಕ್ಕೆ ಬಿತ್ತು. ಅಯ್ಯೋ, ಆ ಸದ್ದು! ಗಾಡಿ ನೆಲ ಬಿಟ್ಟಿತು. ಮೂತಿ ಕೊಂಚ ಎದ್ದಿತು, ಬ್ರೇಕು ಮುಟ್ಟಿದೆ, ಸಮವಾಯಿತು. ಚಪ್ಪಟೆಯೆಲ್ಲ ನನ್ನ ಕೆಳಗೆ ಹಾದು ಹೋಯಿತು. ಇಳಿಜಾರಿನ ಮೇಲೆ ಇಳಿದದ್ದು ಗೊತ್ತೇ ಆಗಲಿಲ್ಲ. ಹೆಲ್ಮೆಟ್ಟಿನೊಳಗೇ ಕೂಗಿಕೊಂಡೆ.

ಭಾವನ ಮುಂದೆ ಗಾಡಿ ನಿಲ್ಲಿಸಿದರೆ, ಅವರ ಮುಖ ನೆಲ ನೋಡುತ್ತಿತ್ತು.

"ಗಾಡಿ ಕೊಡ್ತೀನಿ ಅಂತ ಮಧ್ಯಾಹ್ನನೇ ಆ ವಿರಾಜಪೇಟೆ ಹುಡುಗಿಗೆ ಹೇಳ್ಬಿಟ್ಟೆ ಕಣಮ್ಮ. ಅವಳು ಹಾರದಿದ್ರೂ ಬೀಳೋದಿಲ್ಲ, ರೇಸಿಗೆ ಅವಳ ಹೆಸರು ಕೊಟ್ಟೂ ಆಯ್ತು. ನಿನ್ ಕಾಲು ತಿದ್ಕೊಳ್ಳುತ್ತೆ ಅಂತ ನಂಗೆ ಅನ್ನಿಸ್ಲೇ ಇಲ್ಲ."

"ಶನಿವಾರದೊಳಗೆ ಅಂದಿದ್ರಿ! ಇನ್ನೂ ಹೊತ್ತು ಮುಳುಗಿಲ್ಲ ಭಾವ!"

"ಅಂದಿದ್ದೆ. ಏನ್ ಮಾಡ್ಲಿ ಈಗ? ಮುಂದಿನ ಸಲ ನೋಡೋಣ."

ಮುಂದಿನ ಸಲವಂತೆ. ಅಕ್ಕ ಕೊಟ್ಟ ಕಾಫಿ ಮುಟ್ಟದೆ ಅವಳ ಮನೆಯಲ್ಲೇ ಮಲಗಿದೆ.

ಆದರೂ ಭಾನುವಾರ ಬಿಟ್ಟಂಗಾಲಕ್ಕೆ ಹೋದೆ. ಮನೆಯಲ್ಲಿ ಕೂರಲು ಆಗಬೇಕಲ್ಲ. ಗದ್ದೆ ತುಂಬ ಜನ, ಧೂಳು, ಮೈಕು. ಅಲ್ಲೂ ಅಂಥದೇ ಒಂದು ದಿಬ್ಬ, ನಾನು ಅದರ ಪಕ್ಕದಲ್ಲೇ ನಿಂತೆ. ಆ ಹುಡುಗಿ ಎರಡನೇ ಗೇರಿನಲ್ಲೇ ಬಂದಳು. ದಿಬ್ಬದ ಹತ್ತಿರ ಎಕ್ಸಿಲರೇಟರ್ ಬಿಟ್ಟಳು, ಮೆಲ್ಲಗೆ ಹತ್ತಿದಳು, ಮೆಲ್ಲಗೆ ಇಳಿದಳು. ಪ್ರತಿ ಸುತ್ತಿನಲ್ಲೂ ಅಷ್ಟೇ. ಒಂದು ಸಲವೂ ಚಕ್ರ ನೆಲ ಬಿಡಲಿಲ್ಲ. ಮೂತಿ ಹೇಗಿರುತ್ತದೆ, ಕಾಲು ಯಾವಾಗ ಎತ್ತಬೇಕು, ಎಲ್ಲ ನನ್ನ ಮೈಗೆ ಗೊತ್ತು. ಬೇಲಿಯ ಹಗ್ಗ ಹಿಡಿದು ನಿಂತ ನನ್ನ ಕಾಲು ಅವಳು ಬಂದಾಗಲೆಲ್ಲ ತಾನಾಗಿ ಮೇಲೇಳುತ್ತಿತ್ತು. ಅವಳು ಎಲ್ಲರಿಗಿಂತ ಕೊನೆಯಲ್ಲಿ ಮುಗಿಸಿದಳು.

ಭಾವ ಓಡಿ ಹೋಗಿ ಗಾಡಿಯನ್ನು ಸುತ್ತಲೂ ತಡವಿ ನೋಡಿ ನನ್ನತ್ತ ಕೂಗಿದರು. "ನೋಡು, ಒಂದು ಗೀರೂ ಆಗಿಲ್ಲ!"

"ಗೀರಾಗಬಾರ್ದು ಅಂದ್ರೆ ಗ್ಯಾರೇಜಲ್ಲೇ ನಿಲ್ಲಿಸ್ಬೇಕಿತ್ತು ಭಾವ," ಅಂದೆ. "ಹಾರೋಕೆ ನಾನಿದ್ನಲ್ಲ."