ಹೆಸರಿಲ್ಲದ ವಿಮಾನ

ನನ್ನ ರಿಮೋಟ್ ವಿಮಾನ ಹದ್ದಿನಂತೆ ಎರಗಿದ್ದೇ ತಡ, ಕುರಿಹಿಂಡು ಬೆದರಿ ಪಕ್ಕದ ತೊಗರಿ ಹೊಲಕ್ಕೆ ನುಗ್ಗಿತು. ಹತ್ತಿಕುಣಿಯ ಬೀಳು ಹೊಲದಲ್ಲಿ ನಾನಿನ್ನೂ ಹಾರಿಸಲು ಕಲಿಯುತ್ತಿದ್ದೆ. ವಿಮಾನ ನಮ್ಮತ್ತ ತಿರುಗಿದಾಗ ರಿಮೋಟಿನ ಎಡಬಲ ಅದಲುಬದಲಾಗುತ್ತದೆ ಎಂಬುದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ಬೆಳೆ ಹಾಳಾದರೆ ಬೈಗುಳ ಕುರಿ ಕಾಯುವ ಅಜ್ಜಿಗೆ. ಆದರೂ ಅವಳು ಓಡಲಿಲ್ಲ. ನಿಂತಲ್ಲಿಂದಲೇ, "ಏ ಕೆಂಚೀ, ಬಾ ಬಾ!" ಎಂದು ಹಿಂಡಿನ ಮುಂದಿದ್ದ ಕುರಿಯನ್ನು ಕೂಗಿದಳು. ಕೆಂಚಿ ತಿರುಗಿತು, ಹಿಂದೆಯೇ ಹಿಂಡೂ ಬಂತು. ನನ್ನ ವಿಮಾನ ಮಾತ್ರ ಜಾಲಿಕಂಟಿಯಲ್ಲಿ ಮೂತಿ ತುರುಕಿಕೊಂಡು ಬಿದ್ದಿತ್ತು.

"ತಪ್ಪಾತು ಯವ್ವಾ," ಎಂದೆ.

ಅವಳು ವಿಮಾನದತ್ತ ಕೈ ತೋರಿಸಿದಳು. "ಅದಕ್ಕ ಏನ್ ಹೆಸರಿಟ್ಟೀರಿ ಸರ?"

"ಇಟ್ಟಿಲ್ಲ."

"ಮತ್ತ ನಿಮ್ಮ ಮಾತು ಹ್ಯಾಂಗ ಕೇಳ್ತೈತ್ರಿ?"

ಅವಳು ನಕ್ಕಳೆಂದು ನೆನಪು. ಆ ನಗುವನ್ನು ಆಮೇಲೆ ನಾನೇ ಸೇರಿಸಿಕೊಂಡೆನೋ ಏನೋ.

ಮುಂದಿನ ಭಾನುವಾರ ಕುರಿಗಳಿಲ್ಲದ ಬಯಲು ಹುಡುಕಿಕೊಂಡು ಹೋದೆ. ವಿಮಾನ ನನ್ನತ್ತ ತಿರುಗಿದೊಡನೆ ಬಾಯಿಂದ "ಬಾ ಯವ್ವಾ" ಎಂದು ಬಂದುಬಿಟ್ಟಿತು. ಅದು ನೆಟ್ಟಗೆ ಬಂದು ಹುಲ್ಲಿನ ಮೇಲೆ ಇಳಿಯಿತು. ಕೈ ಕಲಿತಿತ್ತೋ, ವಿಮಾನ ಮಾತು ಕೇಳಿತೋ, ಹೇಳಲಾರೆ. ಹೆಸರನ್ನಂತೂ ಇಟ್ಟಿದ್ದೇನೆ, ಯಾರಿಗೂ ಹೇಳಿಲ್ಲ.