ಅತ್ತೆ ಹೇಳಿದ ರಷ್ಯಾದ ಕತೆ

ಹಿಪ್ಪುನೇರಳೆ ಸೊಪ್ಪು ಕಿತ್ತು ಕಿತ್ತು ನಮ್ಮ ಅತ್ತೆಯವರ ಬಲಗೈ ಹೆಬ್ಬೆರಳು ಕಪ್ಪಾಗಿತ್ತು. ಸೀಗೆಪುಡಿ ಹಾಕಿ ಉಜ್ಜಿದರೂ ಆ ಕರೆ ಹೋಗುತ್ತಿರಲಿಲ್ಲ.

ಅವರ ತವರು ಮುಳಬಾಗಿಲು ಕಡೆ, ಮನೆಮಾತು ತೆಲುಗು. ಸುಗಟೂರಿಗೆ ಸೊಸೆಯಾಗಿ ಬಂದು ಮೊಮ್ಮಕ್ಕಳ ಕಾಲ ಬಂದರೂ ನನ್ನನ್ನು ಕರೆಯುತ್ತಿದ್ದದ್ದು ‘ಅಮ್ಮಾಯಿ’ ಅಂತಲೇ. ರೇಷ್ಮೆಹುಳದ ಮನೆಗೆ ಕಾಲು ತೊಳೆದು, ಹೊಸ್ತಿಲಿಗೆ ಕೈ ಮುಗಿದು ಹೋಗುತ್ತಿದ್ದರು. ಅಕ್ಷರ ಬರುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನ ಮೊದಲ ಮಗು ಹನ್ನೊಂದನೇ ದಿನಕ್ಕೆ ಹೋಯಿತು. ಆಮೇಲೆ ನನಗೆ ಮಾತು ನಿಂತುಹೋಯಿತು. ದುಃಖ ಅಂತಲೂ ಹೇಳಲಾರೆ. ಕೊಟ್ಟರೆ ಉಣ್ಣುತ್ತಿದ್ದೆ, ದೇವರಿಗೆ ದೀಪ ಹಚ್ಚುತ್ತಿದ್ದೆ, ಮಾತು ಮಾತ್ರ ಬರುತ್ತಿರಲಿಲ್ಲ. ಎರಡು ತಿಂಗಳು ನೋಡಿ ಚಿಕ್ಕತ್ತೆ, ಮಾವನವರ ತಮ್ಮನ ಹೆಂಡತಿ, ಅತ್ತೆಗೆ ಹೇಳಿದರು: “ಮೂಗೀನ ಇಟ್ಕೊಂಡು ಏನ್ ಮಾಡ್ತೀಯಕ್ಕ? ಹೋಳೂರಲ್ಲಿ ಅವರಪ್ಪನ ಮನೇಲಿ ಬಿಟ್ಟು, ಹುಡುಗನಿಗೆ ಬೇರೆ ಹೆಣ್ಣು ನೋಡು.” ಒಳಗೆ ರಾಗಿ ಬೀಸುತ್ತಾ ಎಲ್ಲ ಕೇಳಿಸಿಕೊಂಡೆ. ಅಲ್ಲೇ ಇದ್ದ ನನ್ನ ಗಂಡ ಎದ್ದು ತೋಟಕ್ಕೆ ಹೋದರು.

“ಯುಗಾದಿ ಕಳೀಲಿ,” ಅಂದರು ಅತ್ತೆ.

ಆ ವಾರವೇ ಹುಳದ ತಟ್ಟೆಗೆ ಹಾಸಲು ಹಳೇ ಪೇಪರ್ ತರಲೆಂದು ಕೋಲಾರಕ್ಕೆ ಹೋದವರು, ಗುಜರಿ ಅಂಗಡಿಯಿಂದ ದಪ್ಪನೆಯ ಪುಸ್ತಕವೊಂದನ್ನೂ ತಂದರು. ಕನ್ನಡಕ್ಕೆ ಬಂದ ರಷ್ಯಾದ ಹಳೆಯ ಕಾದಂಬರಿ. ರಟ್ಟು ಕಿತ್ತಿತ್ತು, ಒಳಗೆ ತುಂಬಾ ಚಿತ್ರಗಳಿದ್ದವು. “ಎಸ್ಸೆಲ್ಸಿ ಮಾಡಿದೋಳು, ಓದ್ಕೋ ಅಮ್ಮಾಯಿ.” ಮಧ್ಯಾಹ್ನ ಪುಟ ತಿರುಗಿಸುತ್ತಿದ್ದೆ. ಕಣ್ಣು ಓದುತ್ತಿತ್ತು, ಮನಸ್ಸಿಗೆ ಏನೂ ತಟ್ಟುತ್ತಿರಲಿಲ್ಲ.

ಒಂದು ದಿನ ಪಕ್ಕದ ಮನೆಯಾಕೆ ಬಂದಿದ್ದರು. ಅತ್ತೆ ಜಗಲಿಯ ಮೇಲೆ ಪುಸ್ತಕ ಬಿಚ್ಚಿ ಚಿತ್ರದ ಮೇಲೆ ಹೆಬ್ಬೆರಳಿಟ್ಟರು.

“ಈ ಗಡ್ಡದೋನು ಗಂಡ. ಪಾಪ, ಮುದುಕನಿಗೆ ಕೊಟ್ಟವ್ರೆ ಹುಡುಗೀನ.”

“ಸುತ್ತ ಬೆಳ್ಳಗಿರೋದೇನಕ್ಕ?”

“ಉಪ್ಪು. ಉಪ್ಪಿನ ವ್ಯಾಪಾರ ಅವರದ್ದು.”

“ಅಯ್ಯೋ, ಮನೆ ಮೇಲೂ ಸುರ್ಕೊಂಡವ್ರಲ್ಲ.”

“ಹಣವಂತರು ಕಣಮ್ಮ. ಎಲ್ಲಿ ಬೇಕಾದ್ರೂ ಸುರ್ಕೋತಾರೆ.”

ಬಾಗಿಲಲ್ಲಿ ನಿಂತಿದ್ದ ನಾನು, “ಅದು ಮಂಜು, ಅತ್ತೆ. ಅವನು ಗಂಡ ಅಲ್ಲ, ಅವಳಪ್ಪ,” ಅಂದೆ.

ಪಕ್ಕದ ಮನೆಯಾಕೆ ಬಾಯಿ ಬಿಟ್ಟು ನೋಡಿದರು. ಅತ್ತೆ ತಲೆ ಎತ್ತಲಿಲ್ಲ. “ಹಂಗಾದ್ರೆ ಗಂಡ ಯಾವನು? ಕೂತ್ಕೊಂಡು ಹೇಳು,” ಅಂದರು.

ಹೇಳಿದೆ. ಮಾರನೆಯ ದಿನದಿಂದ ಅವರು ಸೊಪ್ಪು ಹಾಕುತ್ತಿದ್ದರೆ ನಾನು ಹುಳದ ಮನೆಯಲ್ಲಿ ಕೂತು ಓದುತ್ತಿದ್ದೆ. ಹೋಳೂರಿನ ಮಾತು ಮತ್ತೆ ಬರಲಿಲ್ಲ. ಕೋಲಾರಮ್ಮನ ದಯೆ, ಆಮೇಲೆ ಎರಡು ಮಕ್ಕಳಾದವು, ಉಳಿದವು.

ಬೇಕಂತಲೇ ತಪ್ಪು ಹೇಳಿದಿರಾ ಅಂತ ಒಮ್ಮೆ ಕೇಳಿದ್ದೆ. “ಅಕ್ಷರ ಬರದೋಳು, ನಂಗೇನ್ ಗೊತ್ತು? ಸೊಪ್ಪು ತಗೊಂಬಾ,” ಅಂದಿದ್ದರು.

ಕೆಲವು ವರ್ಷಗಳ ಮೇಲೆ, ಒಂದು ಬೆಳಿಗ್ಗೆ ಅತ್ತೆ ಕಾಫಿ ಕುಡಿದು ಗೋಡೆಗೆ ಒರಗಿದವರು ಏಳಲಿಲ್ಲ. ನರಳಲಿಲ್ಲ, ಅದೊಂದು ಪುಣ್ಯ. ನನಗೆ ಅಳು ಬರಲಿಲ್ಲ. ತಲೆಯ ಹತ್ತಿರ ಕೂತು, ಬಂದವರಿಗೆಲ್ಲ ಎಷ್ಟು ಹೊತ್ತಿಗೆ ಎದ್ದರು, ಏನು ಕೇಳಿದರು, ಹೇಗೆ ಹೋದರು ಅಂತ ಹೇಳುತ್ತಾ ಹೋದೆ. ಆಗ ಬೇರೆ ಊರಲ್ಲಿದ್ದ ಚಿಕ್ಕತ್ತೆ ಮಧ್ಯಾಹ್ನದ ಬಸ್ಸಿಗೆ ಬಂದರು. ಅಷ್ಟರಲ್ಲಿ ಹೇಳಿ ಹೇಳಿ ನನ್ನ ದನಿ ಬಿದ್ದುಹೋಗಿತ್ತು. ಅವರಿಗೂ ಮೊದಲಿನಿಂದ ಹೇಳಿದೆ.